ಮೇಸ್ತ್ರಿಯ ಹೆಸರಿನಲ್ಲಿ ಆದ ಕೆಲಸ

ತೀರ್ಥಹಳ್ಳಿ
೧೨ ಫೆಬ್ರವರಿ ೨೦೨೪

ಚಿರಂಜೀವಿ ಹರ್ಷವರ್ಧನನಿಗೆ ಆಶೀರ್ವಾದಗಳು.

ನೀನು ಆಸ್ಟ್ರಿಯಾ ಸೇರಿದ ಮರುದಿನ ಫೋನು ಮಾಡಿದಾಗ ನಾನು ಅಪಘಾತದ ಸುದ್ದಿ ಹೇಳಿದೆ. "ಗಾಡೀಲಿ ಏನಾದ್ರೂ ಮುರಿದಿತ್ತಾ?" ಎಂದು ನೀನು ಕೇಳಿದೆ. ಇಲ್ಲವಂತೆ ಎಂದೆ. ಮಾತು ಅಲ್ಲಿಗೇ ನಿಂತಿತು. ಆಮೇಲೆ ನಾನು ಏಳು ಬಾರಿ ಮಾಡಿದರೂ ನೀನು ಎತ್ತಲಿಲ್ಲ. ಆದ್ದರಿಂದ ಈ ಕಾಗದ. ಕಾಗದವನ್ನು ಓದುವವನು ಹರಿದುಹಾಕಬಹುದು. ಬರೆಯುವವಳ ಮಾತನ್ನು ನಡುವೆ ಕಡಿಯಲಾರ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನೀನು ರಜೆಯಲ್ಲಿ ಬಂದಿದ್ದಾಗ, ಜನವರಿ ೨೧ರ ಭಾನುವಾರ, ನಾನೂ ನಮ್ಮ ಮನೆಯವರಾದ ನಿನ್ನ ಮೇಸ್ತ್ರಿಯೂ ಸಾಗರಕ್ಕೆ ನೆಂಟರ ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ದೀಪಶ್ರೀಯ ಕೆಂಪು ಕಾರು ನಮ್ಮ ರಿಪೇರಿ ಷೆಡ್ಡಿನಲ್ಲಿತ್ತು. ಆಕೆ ಸಾಗರದಲ್ಲಿ ಉಪನ್ಯಾಸಕಿ. ಎಂಟು ವರ್ಷಗಳಿಂದ ಗುಡ್ಡ ಹತ್ತುವ ಕಾರುಪಂದ್ಯಗಳಲ್ಲಿ ಓಡಿಸುವವಳು. ಆ ಕಾರನ್ನು ಇವರ ಕೈ ಬಿಟ್ಟು ಬೇರೆ ಕೈ ಮುಟ್ಟಿದ್ದಿಲ್ಲ. ಗಣರಾಜ್ಯೋತ್ಸವದ ದಿನ ಕರಾವಳಿಯಲ್ಲಿ ಪಂದ್ಯವಿತ್ತು. "ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ, ನಾನು ಮುಗಿಸಿ ಇಡ್ತೀನಿ" ಎಂದವನು ನೀನು. ನಾವು ಐದು ಗಂಟೆಗೆ ಹಿಂದಿರುಗಿದಾಗ ಕೆಲಸ ಮುಗಿದಿತ್ತು. ಸ್ಟೀರಿಂಗಿಗೆ ಎಂದಿನಂತೆ ಚೀಟಿ ಕಟ್ಟಿತ್ತು: "ಬ್ರೇಕ್ ನೋಡಿದೆ, ಪ್ಯಾಡ್ ಹೊಸದು. ಮಂಜಯ್ಯ."

ನಮ್ಮ ಷೆಡ್ಡಿನ ರೂಢಿ ಊರಿಗೆಲ್ಲ ತಿಳಿದದ್ದು. ಕೆಲಸ ಯಾರೇ ಮಾಡಲಿ, ಚೀಟಿಯ ಮೇಲೆ ಮೇಸ್ತ್ರಿಯ ಹೆಸರೇ. ಆರು ವರ್ಷ ನಮ್ಮಲ್ಲಿದ್ದ ನೀನು ಆ ಸಹಿಯನ್ನು ಇವರಿಗಿಂತ ದುಂಡಗೆ ಬರೆಯುತ್ತಿದ್ದೆ. ಅಂದು ಅದು ಗೌರವವೆಂದೇ ಬರೆದೆ; ಇವರೂ ಹಾಗೆಯೇ ತಿಳಿದು ಸಂತೋಷಪಟ್ಟರು. ಆಮೇಲೆ ತಮ್ಮ ಪದ್ಧತಿಯಂತೆ ಕಾರನ್ನು ತುಂಗೆಯ ಸೇತುವೆಯವರೆಗೆ ಎರಡು ಸಲ ಓಡಿಸಿ, ದಾರಿಯುದ್ದಕ್ಕೂ ತುಳಿದು ತುಳಿದು ನೋಡಿದರು. ಊಟಕ್ಕೆ ಕುಳಿತಾಗ, "ಗೂಟ ಹೊಡ್ದಂಗೆ ನಿಲ್ತದೆ ಮಾರಾಯ್ತಿ. ಹುಡ್ಗ ನನ್ನ ದಾಟಿ ಹೋದ" ಎಂದರು. ಶಿಷ್ಯನೊಬ್ಬನ ಬಗ್ಗೆ ಅವರು ಹಾಗೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕಾರು ಮಂಗಳವಾರ ದೀಪಶ್ರೀಯ ತವರಿಗೆ, ಹೊಸನಗರದಾಚೆಯ ನಗರವೆಂಬ ಊರಿಗೆ ಹೋಯಿತು. ಗುರುವಾರ ಬೆಳಗಿನ ಚಳಿಯಲ್ಲಿ ಆಕೆ ಅಲ್ಲಿಂದ ಹೊರಟು ಹುಲಿಕಲ್ ಘಾಟಿಗೆ ಇಳಿದಳು. ಮೊದಲ ದೊಡ್ಡ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಾರು ಕಲ್ಲಿನ ತಡೆಗೋಡೆಗೆ ಬಡಿಯಿತು. ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಪರಿಶೀಲಿಸಿದ ಅಧಿಕಾರಿಗೆ ಮುರಿದ ಭಾಗ ಯಾವುದೂ ಸಿಗಲಿಲ್ಲ. ಎಲ್ಲವೂ ಹೊಸದು, ಎಲ್ಲವೂ ಸರಿ. ಆದ್ದರಿಂದ ದೋಷ ಕೆಲಸ ಮಾಡಿದವನದೇ ಎಂದು ಬರೆದಿದ್ದಾರೆ. ಕೆಲಸ ಮಾಡಿದವನು ಯಾರೆಂದು ಚೀಟಿ ಹೇಳುತ್ತದೆ. ದೀಪಶ್ರೀಯ ಅಣ್ಣ ಉಮೇಶ್ ಪೊಲೀಸರಿಗೆ ದೂರು ಕೊಟ್ಟಿದ್ದಾನೆ.

ಆ ಭಾನುವಾರ ಕಾರಿಗೆ ಏನು ಮಾಡಿದೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆ. ಇವರು ಊಟ ಬಿಟ್ಟಿದ್ದಾರೆಂದು ಬರೆದು ನಿನ್ನನ್ನು ಹೆದರಿಸುವುದಿಲ್ಲ, ಊಟ ಮಾಡುತ್ತಿದ್ದಾರೆ. ಆದರೆ ಅನ್ನ ಕಲಸುವ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ.

ನಿನ್ನ ಹಿತ ಬಯಸುವ
ರಂಗಮ್ಮ



ಆಸ್ಟ್ರಿಯಾ
೮ ಮಾರ್ಚ್ ೨೦೨೪

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲಪಿತು. ಫೋನು ಎತ್ತದಿರುವುದಕ್ಕೆ ಕೆಲಸದ ಒತ್ತಡ ಕಾರಣ, ತಪ್ಪು ತಿಳಿಯಬೇಡಿ.

ಆ ದಿನ ಎಂಜಿನ್ನಿನ ಎಣ್ಣೆ ಬದಲಾಯಿತು, ಪ್ಲಗ್ಗುಗಳು ಶುಚಿಯಾದವು, ಬ್ರೇಕಿನ ಎಣ್ಣೆಯೂ ಪ್ಯಾಡುಗಳೂ ಬದಲಾದವು. ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಮೇಸ್ತ್ರಿಗಳೇ ಓಡಿಸಿ ಒಪ್ಪಿದ್ದಾರೆಂದು ನೀವೇ ಬರೆದಿದ್ದೀರಿ. ಅವರ ಕಾಲಿಗೆ ಗೊತ್ತಾಗದ ದೋಷ ಬ್ರೇಕಿನಲ್ಲಿ ಇರಲು ಸಾಧ್ಯವೇ? ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ದೀಪಶ್ರೀಯವರು ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದಿರಲಿಕ್ಕಿಲ್ಲ. ಪಾದ ಪಕ್ಕದ ಪೆಡಲಿಗೆ ಜಾರಿರಲೂಬಹುದು. ಅನುಭವಿಗಳಿಗೂ ಹೀಗಾಗುವುದನ್ನು ಇಲ್ಲಿ ಕಣ್ಣಾರೆ ಕಂಡಿದ್ದೇನೆ.

ಇಲ್ಲಿನ ಸ್ಥಿತಿ ನಿಮಗೆ ತಿಳಿದಿರಲಿ. ನಮ್ಮದು ದೊಡ್ಡ ಕಾರ್ಖಾನೆಯಲ್ಲ. ಹಳೆಯ ಹಾಲಿನ ಡೈರಿಯೊಂದರ ಕಟ್ಟಡದಲ್ಲಿ ಇಪ್ಪತ್ತಾರು ಜನ ಕೆಲಸ ಮಾಡುತ್ತೇವೆ. ಕಳೆದ ವರ್ಷ ಮೂವತ್ತೊಂದು ಸ್ಪೋರ್ಟ್ಸ್ ಕಾರುಗಳನ್ನು ಮಾಡಿದೆವು. ಉಳಿದ ಸಮಯದಲ್ಲಿ ಹೊರಗಿನವರ ಕಾರುಗಳನ್ನು ಟ್ಯೂನ್ ಮಾಡಿಕೊಡುತ್ತೇವೆ. ಒಂದು ಎಂಜಿನ್ನನ್ನು ಆರಂಭದಿಂದ ಕೊನೆಯವರೆಗೆ ಒಬ್ಬನೇ ಕಟ್ಟಬೇಕು. ಕಟ್ಟಿದವನ ಹೆಸರನ್ನು, ಅವನದೇ ಲಿಪಿಯಲ್ಲಿ, ಎರಡು ಬೆರಳಗಲದ ಹಿತ್ತಾಳೆ ಫಲಕದಲ್ಲಿ ಕೆತ್ತಿ ಎಂಜಿನ್ನಿನ ಮೇಲೆ ಕೂರಿಸುತ್ತಾರೆ. ಒಂಬತ್ತು ವರ್ಷ ಇನ್ನೊಬ್ಬರ ಫಲಕದ ಎಂಜಿನ್ನುಗಳನ್ನು ಪರೀಕ್ಷಿಸುತ್ತಾ ಕಳೆದವನು ನಾನು. ಬರುವ ಅಕ್ಟೋಬರಿನಲ್ಲಿ ನನ್ನ ಹೆಸರಿನ ಮೊದಲ ಎಂಜಿನ್ನು ಹೊರಬರುತ್ತದೆ. ಕನ್ನಡದಲ್ಲಿ ಬರೆದ ಮೊದಲ ಫಲಕವೂ ಅದೇ.

ಇಲ್ಲಿ ದಾಖಲೆಯಿಲ್ಲದೆ ಹೊರಗಿನ ಗಾಡಿಗೆ ಕೈ ಹಾಕಿದವನನ್ನು ಆ ದಿನವೇ ಕಳುಹಿಸಿಬಿಡುತ್ತಾರೆ. ರಜೆಯಲ್ಲಿದ್ದರೂ ಅದೇ ನಿಯಮ. ನನ್ನ ಹೆಸರು ಈ ವಿಚಾರದಲ್ಲಿ ಬಾರದಂತೆ ನೋಡಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಮೇಸ್ತ್ರಿಗಳಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ವಿಧೇಯ
ಹರ್ಷವರ್ಧನ



ತೀರ್ಥಹಳ್ಳಿ
೨೦ ಏಪ್ರಿಲ್ ೨೦೨೪

ಹರ್ಷವರ್ಧನನಿಗೆ,

ಎಣ್ಣೆ ಬದಲಾಯಿತು, ಪ್ಲಗ್ಗು ಶುಚಿಯಾಯಿತು, ಪ್ಯಾಡು ಬದಲಾಯಿತು. ನಿನ್ನ ಪತ್ರದಲ್ಲಿ ಎಲ್ಲವೂ ತಾವಾಗಿಯೇ ಆಗಿವೆ. ಸೂರ್ಯ ಮುಳುಗಿದ್ದಕ್ಕೂ ಮಳೆ ಬಂದದ್ದಕ್ಕೂ ಹೀಗೆ ಬರೆಯಬಹುದು. ನಾನು ಕೇಳಿದ್ದು ನೀನು ಮಾಡಿದ ಕೆಲಸವನ್ನು.

ನಿನ್ನ ಪತ್ರದಿಂದ ನಾನೂ ಒಂದು ಅಕಾರ್ಯ ಮಾಡಿದೆ. ಅದನ್ನು ನಿನಗಲ್ಲದೆ ಇನ್ನಾರಿಗೂ ಹೇಳಲಾರೆ.

ಕಳೆದ ವಾರ ದೀಪಶ್ರೀ ಬಂದಿದ್ದಳು. ಉಮೇಶ್ ಕಾರಿನಿಂದ ಇಳಿಯಲಿಲ್ಲ. ಇವಳೇ ಊರುಗೋಲಿನಲ್ಲಿ ಷೆಡ್ಡಿನ ಇಳಿಜಾರು ಇಳಿದು ಬಂದಳು. ಹಿಡಿದುಕೊಳ್ಳಲು ಎದ್ದ ಇವರನ್ನು ಕೈಸನ್ನೆಯಿಂದಲೇ ತಡೆದಳು. ಜಗಳಕ್ಕೆ ಬಂದಿರಲಿಲ್ಲ. ಗುಣವಾಗಲು ಬೇಕಾದ ಔಷಧಿಯೊಂದನ್ನು ಕೇಳುವವಳಂತೆ ಕೇಳಿದಳು: "ಮೇಸ್ತ್ರಿ, ಪೆಡಲು ಕಲ್ಲಿನಂಗೆ ಗಟ್ಟಿ ಇತ್ತು. ಒಳಗೆ ಹೋಗ್ಲೂ ಇಲ್ಲ, ಗಾಡಿ ನಿಲ್ಲಲೂ ಇಲ್ಲ. ಹಂಗೆ ಹೆಂಗಾಗ್ತದೆ, ಹೇಳಿ."

ಎಣ್ಣೆ ಸೋರಿದರೆ ಪೆಡಲು ಒಳಗೆ ಹೋಗಬೇಕು. ಗಾಳಿ ಸೇರಿದ್ದರೆ ಮೆತ್ತಗಾಗಬೇಕು. ಮೂವತ್ತೆಂಟು ವರ್ಷಗಳ ಅನುಭವದಲ್ಲಿ ಇವರು ಇಂಥ ಪೆಡಲನ್ನು ಕಂಡಿರಲಿಲ್ಲ. ಅವರು ಅವಳ ಮುಂದೆ ತಲೆ ತಗ್ಗಿಸಿದ್ದನ್ನು ನೋಡಲಾರದೆ ನಾನು ಒಳಗೆ ಹೋಗಿ ನಿನ್ನ ಪತ್ರ ತಂದೆ. ನಿನ್ನ ಹೆಸರು ಹೇಳದೆ, 'ಯುರೋಪಿನ ಸ್ಪೋರ್ಟ್ಸ್ ಕಾರಿನ ಕಾರ್ಖಾನೆಯ ತಜ್ಞರೊಬ್ಬರು ಹೀಗೆನ್ನುತ್ತಾರೆ' ಎಂದು, ಪಾದ ಜಾರಿರಬಹುದೆಂಬ ಆ ಎರಡು ಸಾಲುಗಳನ್ನು ಓದಿದೆ.

ಆಕೆ ಊರುಗೋಲಿನ ಹಿಡಿಯನ್ನು ಸರಿಪಡಿಸಿಕೊಂಡಳು. ಆಮೇಲೆ, "ಇರಬಹುದು ಅಕ್ಕೋರೆ. ನನಗೆ ಸರಿಯಾಗಿ ನೆನಪಿಲ್ಲ" ಎಂದಳು. ಬರುವಾಗ ಅವಳಿಗೆ ಎಲ್ಲವೂ ನೆನಪಿತ್ತು. ಹೋಗುವಾಗ ಇರಲಿಲ್ಲ.

ಷೆಡ್ಡಿಗೆ ಈಗ ಬರುವವರು ಕಡಮೆ. ಬಂದ ಒಂದೆರಡು ಜೀಪುಗಳ ಬ್ರೇಕನ್ನೂ ಇವರು ಮೂರು ಮೂರು ಸಲ ಬಿಚ್ಚಿ ಜೋಡಿಸುತ್ತಾರೆ. ಇಪ್ಪತ್ತು ವರ್ಷಗಳಿಂದ ಬರುವ ತೀರ್ಥೇಶನೇ ಮೊನ್ನೆ, "ಮೇಸ್ತ್ರಿ, ಮದುವೆಗೆ ಹೋಗ್ಬೇಕು ಅಂತ ತಂದೆ. ಹಿಂಗೇ ಆದ್ರೆ ನಾಮಕರಣಕ್ಕೆ ಹೋಗ್ಬೇಕಾಗ್ತದೆ" ಎಂದ. ಎಲ್ಲರೂ ನಕ್ಕರು. ಇವರೂ ನಕ್ಕು, ನಾಲ್ಕನೆಯ ಸಲ ಬಿಚ್ಚಿದರು.

ವಕೀಲ ಉಮಾಮಹೇಶ್ವರರು ಹೇಳುವುದಿಷ್ಟು: ಆ ದಿನ ಕೆಲಸ ಮಾಡಿದವರು ಇವರಲ್ಲ, ತಾವೆಂದು ಮಾಡಿದವರೇ ಬರೆದುಕೊಟ್ಟರೆ ಮೊಕದ್ದಮೆಯ ದಿಕ್ಕು ಬದಲಾಗುತ್ತದೆ. ನಾನೇ ಸಾಕ್ಷಿ ಹೇಳುತ್ತೇನೆಂದು ಹೊರಟೆ; ನಿನ್ನ ಮಾರ್ಚಿನ ಪತ್ರವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಇವರು ಬಾಗಿಲಿಗೆ ಅಡ್ಡ ನಿಂತರು. "ಬೇಡ. ಹುಡ್ಗನ ಅನ್ನ ಕಿತ್ಕಂಡು ನನ್ನ ಹೆಸ್ರು ಉಳಿಸ್ಕಬೇಕಾ? ಹೇಳೋದಿದ್ರೆ ಅವ್ನೇ ಹೇಳ್ತಾನೆ" ಎಂದರು. ನಮ್ಮ ಮದುವೆಯಾಗಿ ಮೂವತ್ತಾರು ವರ್ಷ. ಅವರು ನನಗೆ ಬೇಡವೆಂದದ್ದು ಎರಡೋ ಮೂರೋ ಸಲ. ನಾನು ಚೀಲ ಕೆಳಗಿಟ್ಟೆ.

ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ. ಒಂದೇ ಒಂದು ಪುಟ ಬರೆ. ಅಂದು ಕೆಲಸ ಮಾಡಿದವನು ನಾನು, ಇಂಥದ್ದು ಮಾಡಿದೆ ಎಂದು.

ಇಂತಿ,
ರಂಗಮ್ಮ



ಆಸ್ಟ್ರಿಯಾ
೧೧ ಜೂನ್ ೨೦೨೪

ಅಕ್ಕೋರಿಗೆ ನಮಸ್ಕಾರಗಳು.

ಇಲ್ಲಿ ಕಾನೂನು ತಿಳಿದ ಸ್ನೇಹಿತರೊಬ್ಬರನ್ನು ವಿಚಾರಿಸಿದೆ. ಯಾವುದನ್ನೂ ಬರವಣಿಗೆಯಲ್ಲಿ ಕೊಡಬಾರದೆಂದು ಅವರು ಹೇಳಿದ್ದಾರೆ. ಈ ಪತ್ರವನ್ನೂ ಬರೆಯಬಾರದಿತ್ತು. ನಿಮ್ಮ ಮೇಲಿನ ಗೌರವದಿಂದ ಬರೆಯುತ್ತಿದ್ದೇನೆ.

ಇಂಥ ಪ್ರಕರಣಗಳಲ್ಲಿ ಕಠಿಣ ಶಿಕ್ಷೆ ಅಪರೂಪವಂತೆ. ಮೇಸ್ತ್ರಿಗಳ ವಯಸ್ಸನ್ನೂ ಪರಿಗಣಿಸುತ್ತಾರೆ. ನನಗಾದರೆ ಇರುವುದು ಇದೊಂದೇ ಜಾಗ. ಇಲ್ಲಿಂದ ಹೊರಬಿದ್ದವನನ್ನು ಇಂಥ ಬೇರೆ ಯಾವ ಕಾರ್ಖಾನೆಯವರೂ ತೆಗೆದುಕೊಳ್ಳುವುದಿಲ್ಲ. ಇವರೆಲ್ಲ ಒಬ್ಬರನ್ನೊಬ್ಬರು ಬಲ್ಲರು.

ದಯವಿಟ್ಟು ಅಕ್ಟೋಬರಿನವರೆಗೆ ಕಾಯಿರಿ.

ಹರ್ಷವರ್ಧನ



ತೀರ್ಥಹಳ್ಳಿ
ಆಗಸ್ಟ್ ೪

ಹರ್ಷ,

ನಾನು ಮಂಜಯ್ಯ. ಅಕ್ಕೋರಿಗೆ ಹೇಳ್ದೆ ಬರೀತಿದೀನಿ. ನನ್ನ ಬರಹ ನಿಂಗೆ ಗೊತ್ತಲ, ತಪ್ಪಿದ್ರೆ ನಗಬೇಡ.

ಅವ್ಳು ಕೇಳಿದ ಕಾಗದ ನೀನು ಕೊಡೋದು ಬೇಡ. ಮುಂದಿನ ತಿಂಗಳು ಹೊಸನಗರದ ಕೋರ್ಟಿಗೆ ಕರ್ದಿದಾರೆ. ಅಲ್ಲಿ ಏನು ಹೇಳ್ಬೇಕು ಅಂತ ನಾನು ಯೋಚ್ನೆ ಮಾಡಿ ಆಗಿದೆ. ಚೀಟಿ ಮೇಲೆ ಇರೋದು ನನ್ನ ಹೆಸ್ರು. ನೀ ಬರೆದ್ರೂ ನಾ ಬರೆದ್ರೂ ಅದು ನಂದೇ. ಓಡ್ಸಿ ನೋಡಿ ಕೊಟ್ಟವನೂ ನಾನೇ. ಅದರ ಬಗ್ಗೆ ನಿಂಗೆ ಚಿಂತೆ ಬೇಡ.

ನಂಗೆ ಬೇಕಾಗಿರೋದು ಬೇರೆ. ಕೋರ್ಟಿಗೆ ಅಲ್ಲ, ನಂಗೆ. ನಾನು ಭಾನುವಾರ ಓಡ್ಸಿದಾಗ ಆ ಬ್ರೇಕು ಹಿಡೀತು. ಎಂಥಾ ಹಿಡಿತ ಅಂತೀಯ, ನನ್ನ ಜನ್ಮದಲ್ಲಿ ಅಂಥ ಬ್ರೇಕು ತುಳ್ದಿರ್ಲಿಲ್ಲ. ನಾಲ್ಕೇ ದಿನಕ್ಕೆ ಯಾಕೆ ಹಿಡೀಲಿಲ್ಲ? ಆ ಮಗು ಪೆಡಲು ಕಲ್ಲಿನಂಗಿತ್ತು ಅಂತಾಳೆ. ಆರು ತಿಂಗಳಿಂದ ಇದೇ ಯೋಚ್ನೆ. ನಾನು ಎಲ್ಲೋ ಕೈ ತಪ್ಪಿದೀನಿ, ಏನೋ ಕಾಣ್ದೆ ಬಿಟ್ಟಿದೀನಿ. ಗ್ರೀಸು ಕೈಯಲ್ಲಿ ಮುಟ್ಟಿದ್ನಾ? ಅದೂ ನೆನಪಿಲ್ಲ. ಸ್ಪ್ಯಾನರ್ ಹಿಡಿದ್ರೆ ಕೈ ನಂಬಕೆ ಆಗಲ್ಲ ಈಗ.

ನೀನು ದೊಡ್ಡ ಕಾರ್ಖಾನೆಲಿ ಇದೀಯ. ಅಂಥ ಕಾರು ಮಾಡೋರ ಹತ್ರ ಕೇಳಿ ತಿಳ್ಕಂಡು ಹೇಳು. ಫೋನಲ್ಲಿ ಒಂದು ಮಾತು ಹೇಳಿದ್ರೂ ಸಾಕು. ಯಾರಿಗೂ ಹೇಳಲ್ಲ.

ಚಳಿಗೆ ಕಿವಿ ಮುಚ್ಕಂಡು ತಿರುಗು. ಚಿಕ್ಕಂದಿನಿಂದ ನಿಂಗೆ ಕಿವಿ ಸೋರ್ತಿತ್ತು.

ಮಂಜಯ್ಯ



ತೀರ್ಥಹಳ್ಳಿ
೨೮ ಸೆಪ್ಟೆಂಬರ್ ೨೦೨೪

ಹರ್ಷವರ್ಧನನಿಗೆ,

ಮೊನ್ನೆ ಗುರುವಾರ ಹೊಸನಗರದ ನ್ಯಾಯಾಲಯದಲ್ಲಿ ಪ್ರಕರಣ ಮುಗಿಯಿತು. ನಿನಗೆ ತಿಳಿದಿರಲೆಂದು ಬರೆಯುತ್ತೇನೆ.

ಆರೋಪವನ್ನು ಅಲ್ಲಗಳೆಯಬೇಕೆಂದು ಉಮಾಮಹೇಶ್ವರರು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ನ್ಯಾಯಾಧೀಶರು ಕೇಳಿದಾಗ ಇವರು, "ಒಪ್ತೀನಿ ಸ್ವಾಮಿ. ಹೆಸರು ನಂದು, ಓಡ್ಸಿ ನೋಡಿ ಕೊಟ್ಟವನೂ ನಾನು" ಎಂದರು. ದಂಡ ಹಾಕಿ, ಆ ದಿನದ ಕಲಾಪ ಮುಗಿದು ನ್ಯಾಯಾಲಯ ಏಳುವವರೆಗೆ ಅಲ್ಲಿಯೇ ಕುಳಿತಿರಬೇಕೆಂಬ ಶಿಕ್ಷೆ ಕೊಟ್ಟರು. ಹಗುರವಾದ ಶಿಕ್ಷೆ ಎಂದು ಎಲ್ಲರೂ ನಮಗೆ ಸಮಾಧಾನ ಹೇಳಿದರು. ನೀನೂ ಹಾಗೆಯೇ ಬರೆದಿದ್ದೆ.

ಹನ್ನೊಂದೂವರೆಯಿಂದ ಐದೂ ಕಾಲಿನವರೆಗೆ ಇವರು ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತಿದ್ದರು. ತಾಲ್ಲೂಕಿನ ಅರ್ಧ ಜನಕ್ಕೆ ಆ ದಿನ ಅಲ್ಲಿ ಏನಾದರೊಂದು ಕೆಲಸವಿತ್ತೋ ಏನೋ. ಬಾಗಿಲಲ್ಲಿ ಕಾಣಿಸಿಕೊಂಡ ತೀರ್ಥೇಶ, ಇವರನ್ನು ಕಂಡವನೇ ಕಂಬದ ಹಿಂದೆ ಸರಿದ. ಇವರು ಗೋಡೆಯ ಕಡೆ ಮುಖ ತಿರುಗಿಸಿ ಅವನಿಗೆ ಹೋಗಲು ಅವಕಾಶ ಮಾಡಿಕೊಟ್ಟರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಕಾನ್ಸ್‌ಟೇಬಲನು, "ಹೋಗಿ ಉಂಡ್ಕಂಡ್ ಬನ್ನಿ ಮೇಸ್ತ್ರಿ, ಯಾರೂ ಕೇಳಲ್ಲ" ಎಂದ. ಇವರು ಏಳಲಿಲ್ಲ. ನಾನು ಪಕ್ಕದಲ್ಲಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಹಾಗೆಯೇ ಮನೆಗೆ ತಂದೆ.

ಶಾಲೆಯಲ್ಲಿ ನನ್ನಿಂದ ಇಂಗ್ಲಿಷ್ ಕಲಿತವರು ಇಬ್ಬರು ಕರಿಕೋಟು ತೊಟ್ಟು ಓಡಾಡುತ್ತಿದ್ದರು. ನಮಸ್ಕರಿಸಬೇಕೋ ಬೇಡವೋ ಎಂದು ಅವರಿಗೆ ತೋಚಲಿಲ್ಲ.

ಮರುದಿನದಿಂದ ಷೆಡ್ಡಿನ ಬಾಗಿಲು ತೆರೆದಿಲ್ಲ. ಇವರು ಆಗಸ್ಟಿನಲ್ಲಿ ನಿನಗೆ ಬರೆದದ್ದು ನನಗೆ ಬಸ್ಸಿನಲ್ಲಿ ಬರುವಾಗ ತಿಳಿಯಿತು. ಯಾರಿಗಾದರೂ ಉತ್ತರ ಕೊಡುವಷ್ಟು ಋಣ ನಿನಗಿದ್ದರೆ, ಆ ಕಾಗದಕ್ಕೆ ಕೊಡು. ನನಗೆ ಬೇಡ.

ರಂಗಮ್ಮ



ಆಸ್ಟ್ರಿಯಾ
೩ ನವೆಂಬರ್ ೨೦೨೪

ಅಕ್ಕೋರೆ,

ಅಕ್ಟೋಬರ್ ಹನ್ನೊಂದರಂದು ಫಲಕ ಬಂತು. ಕಾರ್ಖಾನೆಯ ಯಜಮಾನರಿಗೆ ಎಂಬತ್ತೊಂದು ವರ್ಷ. ಕೋಲೂರಿಕೊಂಡು ಬಂದು ತಾವೇ ಅದನ್ನು ಎಂಜಿನ್ನಿನ ಮೇಲೆ ಕೂರಿಸಿದರು. ಈ ಅಕ್ಷರಗಳನ್ನು ಓದಲಾರೆ, ಆದರೆ ಎಂಜಿನ್ನಿನ ಸದ್ದನ್ನು ಓದಬಲ್ಲೆ ಎಂದು ಹೇಳಿ, ಸದ್ದು ಕೇಳಿ ಟ್ಯೂನ್ ಮಾಡಲು ನಿನಗೆ ಯಾರು ಕಲಿಸಿದರು ಎಂದು ವಿಚಾರಿಸಿದರು. ಹೆಸರು ನಾಲಿಗೆಯವರೆಗೆ ಬಂತು. ಹೇಳಿದರೆ ಯಾರಾದರೂ ಆ ಹೆಸರನ್ನು ಹುಡುಕಿ ಪ್ರಕರಣವನ್ನು ಕಂಡಾರೆಂದು ಹೆದರಿ, ನಾನೇ ಕಲಿತೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದಿನಿಂದ ನನಗೆ ಆ ಎಂಜಿನ್ನಿನ ಹತ್ತಿರ ಹೋಗಲಾಗುತ್ತಿಲ್ಲ. ಈಗ ಬರೆಯುವುದನ್ನು ಮೇಸ್ತ್ರಿಗಳಿಗೆ ಓದಿ ಹೇಳಿ.

ದೀಪಶ್ರೀಯವರ ಕಾರಿಗೆ ನಾನು ಹಾಕಿದ, ಗಾಲಿಯ ತಟ್ಟೆಯನ್ನು ಒತ್ತಿ ಹಿಡಿಯುವ ಬ್ರೇಕಿನ ಪ್ಯಾಡು ಅಂಗಡಿಯದಲ್ಲ. ಓಟದ ಕಾರುಗಳಿಗೆಂದು ಇಲ್ಲಿ ನಾವೇ ಮಾಡುವಂಥದು. ಅವರ ಕಾರಿನ ಅಳತೆಗೆ ಇಲ್ಲಿಯೇ ಮಾಡಿ, ಉಗ್ರಾಣದ ಪುಸ್ತಕದಲ್ಲಿ ಬರೆಯದೆ, ಬಟ್ಟೆಗಳ ನಡುವೆ ಇಟ್ಟು ತಂದೆ. ಅವರು ಪಂದ್ಯ ಗೆದ್ದ ಮೇಲೆ ಹೇಳಿ ಮೇಸ್ತ್ರಿಗಳನ್ನು ಬೆರಗುಗೊಳಿಸಬೇಕೆಂದಿದ್ದೆ. ಆ ಪ್ಯಾಡು ಬಿಸಿಯಾದರೆ ಮಾತ್ರ ಹಿಡಿಯುತ್ತದೆ. ನೂರೈವತ್ತು ಡಿಗ್ರಿಯಷ್ಟು ಕಾದ ಮೇಲೆ ಅದಕ್ಕೆ ಸಮನಾದದ್ದಿಲ್ಲ. ತಣ್ಣಗಿರುವಾಗ ಮರದ ತುಂಡಿನಂತೆ ಜಾರುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ. ಇಲ್ಲಿ ಓಟಕ್ಕೆ ಮುಂಚೆ ಎರಡು ಸುತ್ತು ಸುಮ್ಮನೆ ತುಳಿದು ತುಳಿದು ಕಾಯಿಸಿಕೊಳ್ಳುತ್ತಾರೆ. ಅದು ಎಷ್ಟು ಸಾಮಾನ್ಯವೆಂದರೆ ಯಾರೂ ಯಾರಿಗೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಮರೆತದ್ದಲ್ಲ, ಹೇಳಬೇಕೆಂದೇ ಹೊಳೆಯಲಿಲ್ಲ.

ಮೇಸ್ತ್ರಿಗಳು ಸೇತುವೆಯವರೆಗೆ ತುಳಿದು ತುಳಿದು ಓಡಿಸಿದಾಗ ಅದು ಕಾದಿತ್ತು. ಅದಕ್ಕೇ ಹಿಡಿಯಿತು. ಮಂಗಳವಾರ ತಿರುವುಗಳ ದಾರಿಯಲ್ಲಿ ನಗರಕ್ಕೆ ಹೋದಾಗಲೂ ಕಾದಿರಬೇಕು. ದೀಪಶ್ರೀಯವರು ನಗರದಿಂದ ಹುಲಿಕಲ್ಲಿನವರೆಗೆ ಖಾಲಿ ರಸ್ತೆಯಲ್ಲಿ ಬ್ರೇಕು ಮುಟ್ಟದೆಯೇ ಬಂದಿರಬೇಕು. ಅವರ ಪಾದ ಜಾರಿರಲಿಲ್ಲ. ಮೇಸ್ತ್ರಿಗಳ ಕೈ ತಪ್ಪಿರಲಿಲ್ಲ.

ಏನೂ ಮುರಿದಿರಲಿಲ್ಲವೆಂದು ನೀವು ಫೋನಿನಲ್ಲಿ ಹೇಳಿದಾಗಲೇ ನನಗೆ ತಿಳಿಯಿತು.

ಈ ಪತ್ರವನ್ನು ಏನು ಬೇಕಾದರೂ ಮಾಡಿ. ನೀವಿಬ್ಬರೂ ಕ್ಷಮಿಸಿದ್ದೇವೆಂದು ಒಂದು ಸಾಲು ಬರೆದರೆ ಬದುಕುತ್ತೇನೆ.

ಹರ್ಷವರ್ಧನ



ತೀರ್ಥಹಳ್ಳಿ
೧ ಡಿಸೆಂಬರ್ ೨೦೨೪

ಹರ್ಷವರ್ಧನ,

ನಿನ್ನ ಪತ್ರವನ್ನು ಇವರಿಗೆ ಓದಿದೆ. ಕಾಯಿಸುವ ವಿಷಯ ಬರೆದ ಭಾಗವನ್ನು ಇನ್ನೊಮ್ಮೆ ಓದಿಸಿದರು. "ಓಹೋ, ಹಂಗಾ" ಎಂದರು. ಬಹಳ ತಿಂಗಳ ಮೇಲೆ ಮುಖದಲ್ಲಿ ಹಳೆಯ ಕಳೆ ಬಂತು. ಬೆರಳಿನಿಂದ ಚಾಪೆಯ ಮೇಲೆ ಗಾಲಿಯ ಚಿತ್ರ ಬರೆದು, ತಮಗೆ ತಾವೇ ವಿವರಿಸಿಕೊಂಡರು. ನಾನು, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಆಮೇಲೆ ಕೇಳಿದರು: "ಇವ್ನಿಗೆ ಇದು ಯಾವಾಗ ಗೊತ್ತಾಯ್ತಂತೆ?" ಜನವರಿಯಲ್ಲೇ ಎಂದೆ. "ನಾನು ಆಗಸ್ಟಲ್ಲಿ ಕೇಳಿದ್ನಲ" ಎಂದರು. ಚಾಪೆಯ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ನಿಂತು, ಸಾಗರಕ್ಕೆ ಹೋಗೋಣ, ಆ ಮಗುವಿಗೆ ಹೇಳಬೇಕು ಎಂದರು. ಬಸ್ಸಿನಲ್ಲಿ ಹೋದೆವು. ದೀಪಶ್ರೀ ಈಗ ಕೃತಕ ಕಾಲು ಕಟ್ಟಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಕುಳಿತೇ ಪಾಠ ಮಾಡುತ್ತಾಳಂತೆ. ಇವರು ಕುಳಿತುಕೊಳ್ಳದೆ, ಪ್ಯಾಡು, ಶಾಖ, ಖಾಲಿ ರಸ್ತೆ ಎಲ್ಲವನ್ನೂ ವಿವರಿಸಿ, "ನಿನ್ನ ಕಾಲು ಸರಿಯಾಗೇ ತುಳಿದಿತ್ತವ್ವಾ" ಎಂದರು. ಕಳೆದ ಬೇಸಿಗೆಯಲ್ಲಿ ನಾನು ಓದಿದ ಸಾಲುಗಳು ಯಾರವೆಂಬುದನ್ನು ನಾನು ಹೇಳಿದೆ. ಯಾರ ಮಾನ ಉಳಿಸಲು ಓದಿದೆನೆಂಬುದನ್ನೂ ಹೇಳಿದೆ.

ಆಕೆ ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಪತ್ರವನ್ನು ಈಸಿಕೊಂಡು, ಪೂರ್ತಿ ಓದಿ, ಮಡಿಸಿದಳು. "ನೀವು ಓದಿ ಹೇಳಿದ ದಿನದಿಂದ ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ಅದನ್ನ ಬೈತಿದ್ದೆ ಅಕ್ಕೋರೆ. ನೀನು ಜಾರದೇ ಇದ್ದಿದ್ರೆ ಇವತ್ತು ಇರ್ತಿದ್ದೆ ಅಂತ. ಇಲ್ಲದೇ ಇರೋ ಕಾಲನ್ನ" ಎಂದಳು.

ನೀನು ಕೇಳಿದ ಒಂದು ಸಾಲು ನನ್ನಲ್ಲಿಲ್ಲ. ಇದ್ದಿದ್ದರೂ ಅದನ್ನು ಕೊಡುವ ಅಧಿಕಾರ ಏಪ್ರಿಲಿನಲ್ಲೇ ಕಳೆದುಕೊಂಡವಳು ನಾನು. ನಿನ್ನ ಪತ್ರ ಅವಳ ಬಳಿಯೇ ಇದೆ, ಅದರ ಒಂದು ಪ್ರತಿ ನನ್ನಲ್ಲಿದೆ.

ಇನ್ನೊಂದು ವಿಷಯ ನಿನಗೆ ಮೊದಲೇ ತಿಳಿಸುವುದು ನ್ಯಾಯ. ದೀಪಶ್ರೀ ನಿನ್ನ ಪತ್ರದ ಒಂದು ಪ್ರತಿಯನ್ನು ನಿಮ್ಮ ಯಜಮಾನರಿಗೆ ಕಳುಹಿಸುತ್ತಾಳೆ. ಅವರು ಆ ಅಕ್ಷರಗಳನ್ನು ಓದಲಾರರೆಂದು ನೀನೇ ಬರೆದಿದ್ದೀಯಲ್ಲ. ಆದ್ದರಿಂದ ಅದನ್ನು ಇಂಗ್ಲಿಷಿಗೆ ತಂದುಕೊಡಬೇಕೆಂದು ನನ್ನನ್ನು ಕೇಳಿದಳು. ಒಪ್ಪಿದ್ದೇನೆ. ಒಂದು ಮಾತನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಎರಡು ಪುಟ ಮುಗಿದಿದೆ.

ಬರೆಯಲು ಕುಳಿತಾಗ ಇವರು ಬಂದು ಬಾಗಿಲಲ್ಲಿ ನಿಂತರು. ಏನು ಮಾಡುತ್ತಿದ್ದೇನೆಂದು ಹೇಳಿದೆ. ಈ ಸಲ ಬೇಡವೆನ್ನಲಿಲ್ಲ. ದೀಪದ ಸ್ವಿಚ್ಚು ಹಾಕಿ ಹೋದರು.

ರಂಗಮ್ಮ